ನಿಯಮದ ಜಗಳ ಬಂದಾಗ ಸಭೆ ನಡೆಸುವ ಬಗೆ



ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಪತ್ತಿನ ಸಂಘ ದೇಶದ ಮೊದಮೊದಲ ಸಂಘಗಳಲ್ಲೊಂದು ಎಂಬುದು ತಮಗೆಲ್ಲ ತಿಳಿದೇ ಇದೆ. ಅದರ ಹಿಂದಿನ ವರ್ಷ ಬಂದ ಕಾಯಿದೆಯ ಪ್ರಕಾರ ಗ್ರಾಮೀಣ ಸಂಘದ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘದ ಸಾಲ ತೀರದಿದ್ದರೆ ಸದಸ್ಯನ ಸ್ವಂತ ಆಸ್ತಿಯೂ ಹೊಣೆ. ಅಂಥ ಸಭೆಗೆ ಬಂದು ಕಾಫಿ ಕುಡಿದು ಸುಮ್ಮನೆ ಎದ್ದುಹೋಗುವಂತಿರಲಿಲ್ಲ.

ನೋಂದಾಯಿತ ಸಂಘಗಳಲ್ಲಿ ಉಪವಿಧಿ ತಿದ್ದಿದರೆ ಅದು ನೋಂದಣಿಯಾದ ಮೇಲೆಯೇ ಜಾರಿಗೆ ಬರುತ್ತದೆ. ವಿವಾದವನ್ನು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯ 70ನೆಯ ಕಲಮಿನಂತೆ ರಿಜಿಸ್ಟ್ರಾರರ ಮುಂದೆ ಒಯ್ಯಬಹುದು. ಆದರೆ ನಾಲ್ಕು ಮನೆಯವರು ತಾವಾಗಿ ಕೂಡಿ ಮಾಡಿಕೊಂಡ ಬಳಗಕ್ಕೆ ರಿಜಿಸ್ಟ್ರಾರರಿಲ್ಲ. ಬೆಳಗಾದರೆ ಅದೇ ಬೇಲಿ, ಅದೇ ನೆರೆಮನೆ.

ನನ್ನದೇ ತಪ್ಪನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮೂರ ಹನ್ನೊಂದು ಮನೆಯವರು ಸೇರಿ ಅಡಿಕೆಗೆ ಬೋರ್ಡೋ ಹೊಡೆಯಲು ಒಂದು ಪಂಪು ಕೊಂಡೆವು. ಸರದಿಗೆ ಚೀಟಿ ಎತ್ತುವುದು, ಸರದಿಯ ದಿನ ಕೊನೆಗೌಡ ಸಿಗದಿದ್ದವರು ಕಡೆಗೆ ಹೋಗುವುದು ಎಂದು ಪುಸ್ತಕದಲ್ಲಿ ಬರೆದುಕೊಂಡೆವು. ಜೂನ್‌ನಲ್ಲಿ ನಾಲ್ಕನೆಯ ಸರದಿಯ ಯಜಮಾನರು ಆಸ್ಪತ್ರೆ ಸೇರಿದರು. ಅವರನ್ನು ಕಡೆಗೆ ತಳ್ಳಲು ಮನಸ್ಸು ಬಾರದೆ, ಯಾರನ್ನೂ ಕೇಳದೆ, ನಾನೇ ಮೂರು ದಿನ ಪಂಪನ್ನು ತಡೆದಿಟ್ಟೆ. ಆ ಮೂರು ದಿನವೇ ಹೊಳವಾಗಿತ್ತು. ಆಮೇಲೆ ಮಳೆ ಹಿಡಿಯಿತು. ಹನ್ನೊಂದನೆಯ ಸರದಿಯ ತೋಟಕ್ಕೆ ಮದ್ದು ಮುಟ್ಟುವ ಮೊದಲೇ ಕೊಳೆ ಬಂದು, ಎಳೆಯಡಿಕೆ ಉದುರಿ ಮರದ ಬುಡವೆಲ್ಲ ಹಸುರಾಯಿತು.

ಸಭೆ ಕರೆದೆ. ಆಪಾದನೆ ನನ್ನ ಮೇಲೆ, ಅಧ್ಯಕ್ಷನೂ ನಾನೇ! ನಿಯಮ ಮುರಿದಿರಿ ಎಂದರು ಒಬ್ಬರು. ನಿಯಮವೇ ಕಠೋರ, ಬದಲಿಸಿ ಎಂದರು ಇನ್ನೊಬ್ಬರು. ಎರಡೂ ಸರಿ, ಆದರೆ ಎರಡೂ ಬೇರೆ ಬೇರೆ ಮಾತು. ನಾನು ಎರಡನ್ನೂ ಕೂಡಿಸಿ ಒಂದೇ ಸಲ ಕೈ ಎತ್ತಿಸಿದೆ. ಏಳು ಮಂದಿ ಆ ಕಡೆ, ನಾಲ್ವರು ಈ ಕಡೆ. ನಿಯಮ ಬದಲಾಯಿತು, ನನ್ನ ತಪ್ಪೂ ಅದರೊಳಗೆ ಮುಚ್ಚಿಹೋಯಿತು. ಬೆಳೆ ಕಳೆದುಕೊಂಡವರು ಮರುದಿನ ಬಂದು ತಮ್ಮ ಪಾಲಿನ ಹಣ ಕೇಳಿದರು.

ಧಾರವಾಡದಲ್ಲಿ ನನ್ನೊಡನೆ ಓದಿದ ಮಿತ್ರರೊಬ್ಬರು ಕಣಗಿನಹಾಳದ ತಾಲ್ಲೂಕಿನವರೇ, ಕುರ್ತಕೋಟಿಯವರು. ಅವರಿಗೆ ಇದನ್ನು ಹೇಳಿದಾಗ ನಕ್ಕರು. ಅವರ ಮನೆ ಮಣ್ಣಿನ ಮಾಳಿಗೆಯದು. “ಮಳ್ಯಾಗ ಮಾಳಿಗಿ ಸೋರಿದ್ರ ತೆಳಗ ಗಂಗಾಳ ಇಡ್ತೀವ್ರೀ ಸೆಕ್ರೆಟರಿ ಸಾಹೇಬ್ರ. ಮ್ಯಾಲ ಮಣ್ಣ ಹಾಕೂದು ಬ್ಯಾಸಿಗ್ಯಾಗ,” ಎಂದರು.

ಊರಿಗೆ ಬಂದು ಮತ್ತೆ ಸಭೆ ಸೇರಿಸಿದೆ. ಅಧ್ಯಕ್ಷತೆಗೆ ಬೇರೆಯವರನ್ನು ಕೂರಿಸಿ, ನಾನು ಚಾಪೆಯ ಮೇಲೆ ಕುಳಿತೆ. ಮೊದಲು ನಿಯಮವನ್ನು ಪುಸ್ತಕದಿಂದ ಗಟ್ಟಿಯಾಗಿ ಓದಿಸಿದರು. ಅರ್ಧ ಜಗಳ ಅಲ್ಲೇ ಇಳಿಯಿತು, ಏಕೆಂದರೆ ಒಬ್ಬೊಬ್ಬರ ನೆನಪಿನಲ್ಲಿ ಒಂದೊಂದು ನಿಯಮವಿತ್ತು. ಮಾತನ್ನು ಬಾಗಿಲ ಬಳಿ ಕುಳಿತವರಿಂದ ಪ್ರಾರಂಭಿಸಿದರು. ತೋಟ ನೋಡಿಕೊಳ್ಳುವ ಇಬ್ಬರು ಹೆಂಗಸರು ಅಂದೇ ಮೊದಲು ಬಾಯಿ ತೆರೆದದ್ದು. ಹಿಂದಿನ ತೀರ್ಮಾನ ರದ್ದಾಯಿತು. ಕಾರ್ಯದರ್ಶಿ ನಿಯಮ ಮುರಿದದ್ದು ಹೌದೆಂದು ನಡಾವಳಿಯಲ್ಲಿ ಬರೆದು, ಎಲ್ಲರೆದುರು ಓದಿ, ಸಹಿ ಹಾಕಿದೆ. 40–45 ದಿನಗಳ ನಂತರದ ಎರಡನೆಯ ಮದ್ದನ್ನು, ಎಲ್ಲರ ಒಪ್ಪಿಗೆ ಪಡೆದು, ಮೊದಲು ಆ ತೋಟಕ್ಕೇ ಹೊಡೆದೆವು. ವಿನಾಯಿತಿಗೆ ಹೀಗೆ ಸರದಿಯಲ್ಲಿ ಹಿಂದೆ ನಿಂತವರ ಒಪ್ಪಿಗೆ ಬೇಕು. ನಷ್ಟವಾದರೆ ಅವರಿಗೇ ಅಲ್ಲವೇ?

ನಿಯಮ ತಿದ್ದುವ ಮಾತನ್ನು ಮಾರ್ಚ್ ತಿಂಗಳಿಗೆ ಇಟ್ಟೆವು. ವಾರ ಮೊದಲೇ ಬರಹ ಮನೆಮನೆಗೆ ಹೋಯಿತು. ಒಬ್ಬ ಸದಸ್ಯನಿಗೆ ಒಂದೇ ಮತ ಎಂಬುದು ರಾಚ್‌ಡೇಲ್‌ನ ನೇಕಾರರ ಕಾಲದಿಂದ, 1844ರಿಂದ, ನಮಗೆ ಬಂದ ಪಾಠ. ಆದರೆ ಹನ್ನೊಂದು ಮನೆಯಲ್ಲಿ ಆರಕ್ಕೆ ಐದು ಬಂದರೆ ಅದನ್ನು ತೀರ್ಮಾನವೆಂದು ಬರೆಯಬೇಡಿ. ಇನ್ನೊಂದು ದಿನ ಕೂಡಿ.

ಮನೆಯಲ್ಲಿ ಕಾಯಿಲೆಯಿದ್ದರೆ ಸರದಿಯನ್ನು ಇನ್ನೊಬ್ಬರೊಡನೆ ಅದಲುಬದಲು ಮಾಡಿಕೊಳ್ಳಬಹುದು, ಪಂಪು ಮಾತ್ರ ಒಂದು ದಿನವೂ ನಿಲ್ಲಬಾರದು ಎಂದು ಈಗ ಪುಸ್ತಕದಲ್ಲಿದೆ. ಆ ವಾಕ್ಯವನ್ನು ಸೂಚಿಸಿದವರು ಪಾಲಿನ ಹಣ ಕೇಳಲು ಬಂದಿದ್ದವರೇ.