ಓದಿನ ದೀಪಕ್ಕೆ ಎಣ್ಣೆ

ಆಶಯ: ವಿದ್ಯಾರ್ಜನೆಗೆ ಶ್ರದ್ಧೆಯಷ್ಟೇ ಶರೀರದ ಆರೈಕೆಯೂ ಅಗತ್ಯ. ನಿತ್ಯದ ಸಣ್ಣ ಸಣ್ಣ ಅಭ್ಯಾಸಗಳೇ ಇವೆರಡನ್ನೂ ಕಾಪಾಡುತ್ತವೆ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತೊಗರ್ಸಿ, ಮಲ್ಲಿಕಾರ್ಜುನ ದೇವಾಲಯದಿಂದ ಹೆಸರಾದ ಪ್ರಾಚೀನ ಗ್ರಾಮ. ಅದರ ನೆರೆಯಲ್ಲಿ ಸೊರಬದ ಸೀಮೆಯಿದೆ; ಶಿರಾಳಕೊಪ್ಪದ ಬಳಿ ಬಳ್ಳಿಗಾವೆ, ತಾಳಗುಂದಗಳಿವೆ. ಈ ನೆಲದಲ್ಲಿ ವಿದ್ಯೆಯ ಬೇರು ಬಹಳ ಆಳಕ್ಕೆ ಇಳಿದಿದೆ.

ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ವ್ಯಾಸಂಗ ಅಲ್ಲಿ ನಡೆಯುತ್ತಿತ್ತು. ಶಾಸನವು ಅಷ್ಟಕ್ಕೇ ನಿಲ್ಲುವುದಿಲ್ಲ. ಆ ಮಠವು ದೀನರಿಗೆ ಅನ್ನ ದೊರೆಯುವ, ರೋಗಿಗಳಿಗೆ ಔಷಧ ದೊರೆಯುವ, ಸಕಲ ಜೀವಿಗಳಿಗೂ ಅಭಯ ದೊರೆಯುವ ಸ್ಥಾನವೆಂದೂ ಹೇಳುತ್ತದೆ. ವಿದ್ಯೆ, ಅನ್ನ, ಔಷಧ, ಅಭಯ ಈ ನಾಲ್ಕೂ ಒಂದೇ ಸೂರಿನ ಕೆಳಗಿದ್ದವು.

ಇಂತಹ ವಿವೇಕ ಬೇರೆಡೆಯೂ ಕಾಣುತ್ತದೆ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟರ ಕಾಲದ ವಿದ್ಯಾಶಾಲೆಯೊಂದಿತ್ತು. ಅಲ್ಲಿನ ವಿದ್ಯಾರ್ಥಿಗಳ ವಸತಿಗೆ ಮಾತ್ರವಲ್ಲ, ದೀಪದ ವೆಚ್ಚಕ್ಕೂ ಭೂಮಿಯನ್ನು ದಾನವಿತ್ತುದನ್ನು 945ರ ಶಾಸನ ತಿಳಿಸುತ್ತದೆ. ತಮಿಳುನಾಡಿನ ತಿರುಮುಕ್ಕೂಡಲಿನಲ್ಲಿ 11ನೆಯ ಶತಮಾನದ ಚೋಳ ಶಾಸನವಿದೆ. ವಿದ್ಯಾರ್ಥಿಗಳಿಗೆ ರಾತ್ರಿಯ ದೀಪಕ್ಕೆ ಎಣ್ಣೆ, ಶನಿವಾರಗಳ ಸ್ನಾನಕ್ಕೆ ಎಣ್ಣೆ, ಕಾಯಿಲೆ ಬಿದ್ದವರಿಗೆ 15 ಹಾಸಿಗೆಗಳ ಆಸ್ಪತ್ರೆ ಇವೆಲ್ಲವೂ ಅದರಲ್ಲಿ ನಮೂದಾಗಿವೆ. ಓದುವವನ ತಲೆಗೆ ಎಣ್ಣೆಯಿಲ್ಲದಿದ್ದರೆ ದೀಪಕ್ಕೆ ಎಣ್ಣೆಯಿದ್ದೂ ಪ್ರಯೋಜನವಿಲ್ಲವೆಂಬುದನ್ನು ಹಿಂದಿನವರು ಅರಿತಿದ್ದರು.

ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರು ಇದನ್ನು ಮರೆಯುತ್ತಾರೆ. ವರ್ಷವೆಲ್ಲ ಪುಸ್ತಕವನ್ನು ಮುಟ್ಟದೆ, ಪರೀಕ್ಷೆ ಸಮೀಪಿಸಿದಾಗ ಊಟ ನಿದ್ರೆಗಳನ್ನು ಬಿಟ್ಟು ಓದುವುದನ್ನೇ ಶ್ರದ್ಧೆಯೆಂದು ಭಾವಿಸುತ್ತಾರೆ. ಅದು ಶ್ರದ್ಧೆಯಲ್ಲ, ಸಾಲ. ಬಡ್ಡಿಯನ್ನು ಶರೀರವೇ ತೆರಬೇಕಾಗುತ್ತದೆ.

ಮೊದಲನೆಯದು ದೀಪದ ಅಭ್ಯಾಸ, ಅಂದರೆ ಅಂದಿನ ಪಾಠವನ್ನು ಅಂದೇ ಓದುವುದು. ಜರ್ಮನಿಯ ಹೆರ್ಮಾನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ತನ್ನ ನೆನಪನ್ನು ತಾನೇ ಪರೀಕ್ಷಿಸಿಕೊಂಡು 1885ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಕಲಿತದ್ದರ ಬಹುಭಾಗವು ಮೊದಲ ಕೆಲವು ಗಂಟೆಗಳಲ್ಲಿಯೇ ಮರೆತುಹೋಗುವುದೆಂದು ಅವನು ಕಂಡುಕೊಂಡನು. ಆದುದರಿಂದ ಸಂಜೆ ಅರ್ಧ ಗಂಟೆ ಪುಸ್ತಕ ಮುಚ್ಚಿಟ್ಟು, ಬೆಳಗಿನ ಪಾಠವನ್ನು ಸ್ವಂತ ಮಾತಿನಲ್ಲಿ ಬರೆದು ನೋಡಬೇಕು. ಆ ಅರ್ಧ ಗಂಟೆಯಲ್ಲಿ ಮೊಬೈಲು ಬೇರೆ ಕೋಣೆಯಲ್ಲಿರುವುದು ಲೇಸು.

ಎರಡನೆಯದು ಅನ್ನ ಮತ್ತು ನಿದ್ರೆ. ಸರ್ಕಾರಿ ಶಾಲೆಯ ಬಿಸಿಯೂಟಕ್ಕೆ ಕೂರುವ ಮುನ್ನ ಸೋಪಿನಿಂದ ಕೈ ತೊಳೆಯುವುದು ಒಂದು ನಿಮಿಷದ ಕೆಲಸ. ಅದು ಹೊಟ್ಟೆಯ ಅನೇಕ ರೋಗಗಳನ್ನು ತಡೆಯುತ್ತದೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಬಂದ ಮಗುವಿನ ಮನಸ್ಸು ಪಾಠದ ಮೇಲಿರದೆ ಗಂಟೆಯ ಮೇಲಿರುತ್ತದೆ. ನಿದ್ರೆಯಂತೂ ಓದಿನ ಶತ್ರುವಲ್ಲ. ಹಗಲು ಕಲಿತುದನ್ನು ಮಿದುಳು ಭದ್ರಪಡಿಸಿಕೊಳ್ಳುವುದು ನಿದ್ರೆಯಲ್ಲಿಯೇ. ಈ ವಯಸ್ಸಿನವರಿಗೆ ಎಂಟು ಗಂಟೆಗೆ ಕಡಮೆಯಿಲ್ಲದ ನಿದ್ರೆ ಬೇಕು.

ಮೂರನೆಯದು ಶುಚಿತ್ವ. ಮಲೆನಾಡಿನ ಅಂಚಿನ ಈ ಸೀಮೆಯಲ್ಲಿ ಅದು ಪ್ರಾಣದ ಪ್ರಶ್ನೆಯೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಜನರು ತೀವ್ರ ಜ್ವರದಿಂದ ನರಳಿದರು. ಅಂದು ಪತ್ತೆಯಾದ ಆ ವೈರಾಣು ರೋಗವು ಆ ಕಾಡಿನ ಹೆಸರಿನಿಂದಲೇ ಲೋಕದಲ್ಲಿ ಪ್ರಸಿದ್ಧವಾಗಿದೆ; ಜನರ ಬಾಯಲ್ಲಿ ಅದು ಮಂಗನ ಕಾಯಿಲೆ. ಸೋಂಕಿರುವ ಉಣುಗಿನ ಕಡಿತದಿಂದ ಇದು ಹರಡುತ್ತದೆಯೇ ಹೊರತು ಮನುಷ್ಯನಿಂದ ಮನುಷ್ಯನಿಗಲ್ಲ. ಮಳೆ ನಿಂತು ಕಾಡು ಒಣಗಿದ ತಿಂಗಳುಗಳಲ್ಲಿ, ಪರೀಕ್ಷೆಗಳು ಹತ್ತಿರವಾಗುವ ಹೊತ್ತಿಗೆ, ಇದರ ಹಾವಳಿ ಹೆಚ್ಚು.

ಸೌದೆಗೋ, ತರಗೆಲೆಗೋ, ದನ ಮೇಯಿಸಲೋ ಕಾಡಿಗೆ ಹೋಗುವ ಮಕ್ಕಳು ಮೈಮುಚ್ಚುವ ಬಟ್ಟೆ ತೊಡಬೇಕು. ಮನೆಗೆ ಬಂದೊಡನೆ ಮೈಯನ್ನು ಪರೀಕ್ಷಿಸಿಕೊಂಡು, ಬಿಸಿನೀರು ಸೋಪುಗಳಿಂದ ಸ್ನಾನ ಮಾಡಬೇಕು. ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಕಾರ್ಯಕರ್ತರಿಗೆ ತಿಳಿಸಬೇಕು. ಜ್ವರ, ತಲೆನೋವು, ಮೈಕೈ ನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಒಂದು ಸ್ನಾನದ ಅಭ್ಯಾಸವು ಒಂದು ಮನೆಯ ಬೆಳಕನ್ನು ಉಳಿಸಬಲ್ಲುದು.

ನಾಲ್ಕನೆಯದು ಅಭಯ. ಲೆಕ್ಕ ಅರ್ಥವಾಗದಿದ್ದರೆ, ಅಂಕ ಕಡಮೆಯಾದರೆ, ಯಾರಾದರೂ ಹೀಯಾಳಿಸಿದರೆ ಹಲವು ಮಕ್ಕಳು ಒಳಗೊಳಗೇ ಕೊರಗುತ್ತಾರೆ. ಮೈಗೆ ಹತ್ತಿದ ಉಣುಗನ್ನು ಕಿತ್ತು ಹಾಕುವಂತೆ ಮನಸ್ಸಿಗೆ ಹತ್ತಿದ ಭಯವನ್ನೂ ಹೊರಗೆ ಹಾಕಬೇಕು. ತಾಯಿಯೊಡನೆಯೋ, ಗುರುಗಳೊಡನೆಯೋ, ನೆಚ್ಚಿನ ಗೆಳೆಯರೊಡನೆಯೋ ಹೇಳಿಕೊಳ್ಳುವುದು ದೌರ್ಬಲ್ಯವಲ್ಲ. ಅಭಯವನ್ನು ಕೇಳಿ ಪಡೆದವರೇ ಮುಂದೆ ಇತರರಿಗೆ ಅಭಯವೀಯಬಲ್ಲರು.

ತೊಗರ್ಸಿಯ ಸುತ್ತಿನ ರೈತನು ಅಡಿಕೆ ಸಸಿಯನ್ನು ನೆಟ್ಟು ಫಲಕ್ಕಾಗಿ ಐದಾರು ವರ್ಷ ಕಾಯುತ್ತಾನೆ. ಬೇಸಗೆಯಲ್ಲಿ ಹದವರಿತು ನೀರೆರೆಯುತ್ತಾನೆ, ಬಿಸಿಲು ತಾಗದಂತೆ ನೆರಳು ಕಟ್ಟುತ್ತಾನೆ. ವರ್ಷದ ನೀರನ್ನೆಲ್ಲ ಒಂದೇ ದಿನ ಸುರಿದರೆ ಸಸಿಯ ಬೇರು ಕೊಳೆಯುತ್ತದೆಂದು ಅವನು ಬಲ್ಲ. ವಿದ್ಯೆಯ ಸಸಿಗೂ ನಿಯಮ ಅದೇ. ದಿನಕ್ಕೊಂದು ಕೊಡ ನೀರು, ತಪ್ಪದೆ.

ಪದಗಳ ಅರ್ಥ: ವ್ಯಾಸಂಗ - ಅಧ್ಯಯನ, ದೀನ - ದಿಕ್ಕಿಲ್ಲದವನು, ಅಭಯ - ಹೆದರಬೇಡವೆಂಬ ಭರವಸೆ, ಉಣುಗು - ಪ್ರಾಣಿಗಳ ಮೈಗೆ ಹತ್ತಿ ರಕ್ತ ಹೀರುವ ಸಣ್ಣ ಜೀವಿ.

ಅಭ್ಯಾಸ
1. ಕೋಡಿಮಠದಲ್ಲಿ ಒಂದೇ ಸೂರಿನ ಕೆಳಗಿದ್ದ ನಾಲ್ಕು ವಿಷಯಗಳಾವುವು?
2. ಮಂಗನ ಕಾಯಿಲೆ ಹೇಗೆ ಹರಡುತ್ತದೆ? ಅದನ್ನು ತಡೆಯುವ ಅಭ್ಯಾಸಗಳಾವುವು?
3. ‘ಅದು ಶ್ರದ್ಧೆಯಲ್ಲ, ಸಾಲ.’ ಈ ಮಾತಿನ ಸ್ವಾರಸ್ಯವನ್ನು ವಿವರಿಸಿ.