ಚಳಿಗಾಲದಲ್ಲಿ ಹೈಬ್ರಿಡ್ ಕಾರಿನ ಮೈಲೇಜ್ ಏಕೆ ಇಳಿಯುತ್ತದೆ?



ಹೈಬ್ರಿಡ್ ಎಂಬ ಮಾತು ನಮ್ಮೂರಿಗೆ ಹೊಸದಲ್ಲ. ಹೈಬ್ರಿಡ್ ಜೋಳ, ಹೈಬ್ರಿಡ್ ಟೊಮ್ಯಾಟೊ ಎಲ್ಲರಿಗೂ ಗೊತ್ತು. ಎರಡು ತಳಿ ಸೇರಿಸಿ ಮಾಡಿದ್ದು ಹೈಬ್ರಿಡ್. ಕಾರಿನಲ್ಲೂ ಹಾಗೆಯೇ. ಪೆಟ್ರೋಲ್ ಎಂಜಿನ್ ಒಂದು, ವಿದ್ಯುತ್ ಮೋಟಾರು ಒಂದು, ಎರಡೂ ಸೇರಿ ಓಡಿಸುವ ಕಾರಿಗೆ ಹೈಬ್ರಿಡ್ ಕಾರು ಎನ್ನುತ್ತಾರೆ. ಜಪಾನಿನಲ್ಲಿ 1997ರಲ್ಲಿ ಟೊಯೊಟಾ ಕಂಪನಿಯ ಪ್ರಿಯಸ್ ಎಂಬ ಕಾರು ಬಂದ ಮೇಲೆ ಇದು ಹೆಸರಾಯಿತು. ಈಗ ನಮ್ಮ ರಾಜ್ಯದ ಬಿಡದಿಯಲ್ಲೇ ಇಂಥ ಕಾರುಗಳು ತಯಾರಾಗುತ್ತವೆ.

ಈ ಪಾಠ ನಾನು ಪುಸ್ತಕದಿಂದ ಕಲಿತದ್ದಲ್ಲ. ನನ್ನ ಸೋದರಮಾವನ ಮೇಲೆ ಬಂದ ಒಂದು ಅಪವಾದದಿಂದ ಕಲಿತೆ. ಅದನ್ನೇ ಮೊದಲು ಹೇಳುತ್ತೇನೆ.

ನಡೆದದ್ದು

ನಮ್ಮ ಮಾವ ಭದ್ರಾವತಿಯಲ್ಲಿ ಒಬ್ಬರ ಮನೆಯ ಕಾರಿಗೆ ಡ್ರೈವರ್. ಕಾರು ಹೈಬ್ರಿಡ್. ಅದರ ಮುಂದುಗಡೆ ಒಂದು ಪರದೆ ಇದೆ. ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡುತ್ತಿದೆ ಎಂದು ಅದು ತೋರಿಸುತ್ತದೆ. ಅಕ್ಟೋಬರಿನಲ್ಲಿ ಅದರಲ್ಲಿ 23ರ ಮೇಲೆ ಇತ್ತು. ಡಿಸೆಂಬರ್ ಕೊನೆಗೆ 17ಕ್ಕೆ ಇಳಿಯಿತು. ಓನರ್ ಒಂದು ದಿನ ಪರದೆಗೆ ಬೆರಳು ತೋರಿಸಿ, "ಕಾರು ಅದೇ, ರಸ್ತೆ ಅದೇ. ಪೆಟ್ರೋಲ್ ಎಲ್ಲಿಗೆ ಹೋಯ್ತಪ್ಪಾ?" ಎಂದು ಕೇಳಿದರಂತೆ. ಹೆಚ್ಚೇನೂ ಹೇಳಲಿಲ್ಲ. ಆದರೆ ಮಾವನಿಗೆ ಅರ್ಥವಾಯಿತು. ಅವತ್ತು ಮಾವ ನಮ್ಮ ಮನೆಗೆ ಬಂದು ಊಟಕ್ಕೆ ಕೂತರೂ ಅನ್ನ ಕಲಸಿಕೊಂಡು ಸುಮ್ಮನೆ ಇದ್ದುಬಿಟ್ಟರು. ಅಮ್ಮ ಕೇಳಿದ್ದಕ್ಕೆ, "ಹದಿನೈದು ವರ್ಷದಿಂದ ಸ್ಟೇರಿಂಗ್ ಹಿಡಿದಿದೀನಿ ಕಣಕ್ಕ. ಒಂದು ತೊಟ್ಟು ಎಣ್ಣೆ ಮುಟ್ಟಿಲ್ಲ. ಈಗ ಕಳ್ಳ ಅನ್ನಿಸ್ಕೊಂಡೆ" ಎಂದರು.

ನಾನು ಮಾರನೇ ದಿನ ನಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು, "ಅಳೆಯದೆ ಯಾರನ್ನೂ ಕಳ್ಳ ಅನ್ನಬಾರದು, ಅಳೆಯದೆ ಅಲ್ಲ ಅಂತಲೂ ಅನ್ನಬಾರದು. ಒಂದು ನೋಟ್ ಪುಸ್ತಕ ತಗೊ" ಎಂದರು.

ಕಾರಣ 1: ತಣ್ಣಗಿನ ಎಂಜಿನ್

ಅಡಿಕೆ ಸುಗ್ಗಿಯಲ್ಲಿ ಬೇಯಿಸುವ ಹಂಡೆ ನೋಡಿದ್ದೀರಲ್ಲ? ಮೊದಲ ಹಂಡೆ ಕುದಿಯಲು ಎಷ್ಟು ಸೌದೆ ಬೇಕು! ಒಮ್ಮೆ ಕಾದ ಮೇಲೆ ಎರಡನೆಯದು, ಮೂರನೆಯದು ಕಡಿಮೆ ಸೌದೆಯಲ್ಲಿ ಬೇಯುತ್ತದೆ. ಎಂಜಿನ್ನೂ ಹಾಗೆಯೇ. ಚೆನ್ನಾಗಿ ಓಡುತ್ತಿರುವ ಎಂಜಿನ್ನಿನ ಸುತ್ತಲಿನ ನೀರು 80 ಡಿಗ್ರಿಯ ಆಸುಪಾಸು ಬಿಸಿ ಇರುತ್ತದೆ. ನಮ್ಮಲ್ಲಿ ಮಧ್ಯಾಹ್ನ 28 ಡಿಗ್ರಿ ಇದ್ದಾಗ ಎಂಜಿನ್ 52 ಡಿಗ್ರಿ ಏರಬೇಕು. ಡಿಸೆಂಬರ್ ಬೆಳಗ್ಗೆ 15 ಡಿಗ್ರಿ ಇದ್ದಾಗ 65 ಡಿಗ್ರಿ ಏರಬೇಕು. 52ಕ್ಕೆ 65 ಎಂದರೆ ಕಾಲು ಭಾಗ ಜಾಸ್ತಿ. ಅಷ್ಟೂ ಶಾಖ ಪೆಟ್ರೋಲಿನಿಂದಲೇ ಬರಬೇಕು.

ಚಳಿಗೆ ಕೊಬ್ಬರಿ ಎಣ್ಣೆ ಬಾಟ್ಲಿಯಲ್ಲಿ ಗಟ್ಟಿಯಾಗುತ್ತದಲ್ಲ, ಎಂಜಿನ್ ಆಯಿಲ್ ಹಾಗೆ ಗಟ್ಟಿ ಆಗದಿದ್ದರೂ ಮಂದವಾಗುತ್ತದೆ. ಮಂದ ಎಣ್ಣೆಯಲ್ಲಿ ಎಂಜಿನ್ನಿನ ಭಾಗಗಳನ್ನು ತಿರುಗಿಸಲು ಹೆಚ್ಚು ಶಕ್ತಿ ಬೇಕು. ಅಲ್ಲದೆ ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಅದಕ್ಕೇ ಕಾರಿನ ಕಂಪ್ಯೂಟರ್ ಮೊದಲಿಗೆ ಸ್ವಲ್ಪ ಹೆಚ್ಚೇ ಪೆಟ್ರೋಲ್ ಬಿಡುತ್ತದೆ.

ಕಾರಣ 2: ಹೈಬ್ರಿಡ್‌ಗೆ ಪೆಟ್ಟು ಏಕೆ ಜಾಸ್ತಿ?

ಇದು ಮುಖ್ಯ. ಹೈಬ್ರಿಡ್ ಕಾರು ಉಳಿತಾಯ ಮಾಡುವುದು ಎಂಜಿನ್ ನಿಲ್ಲಿಸಿ. ಸಿಗ್ನಲ್ಲಿನಲ್ಲಿ ನಿಂತಾಗ, ನಿಧಾನ ಹೋಗುವಾಗ ಎಂಜಿನ್ ಆರಿಸಿ ಬ್ಯಾಟರಿಯಿಂದ ಓಡುತ್ತದೆ. ಬ್ರೇಕ್ ಹಾಕಿದಾಗ ಚಕ್ರದ ವೇಗವನ್ನೇ ವಿದ್ಯುತ್ ಮಾಡಿ ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಆದರೆ ಎಂಜಿನ್ ತಣ್ಣಗಿದ್ದರೆ ಕಂಪ್ಯೂಟರ್ ಅದನ್ನು ಆರಿಸಲು ಬಿಡುವುದಿಲ್ಲ. ಎಂಜಿನ್ ಕಾಯಬೇಕು, ಹೊಗೆ ಶುದ್ಧ ಮಾಡುವ ಭಾಗವೂ ಕಾಯಬೇಕು. ಅಲ್ಲಿಯವರೆಗೆ ಕಾರು ನಿಂತಿದ್ದರೂ ಎಂಜಿನ್ ಉರಿಯುತ್ತಲೇ ಇರುತ್ತದೆ. ಅಂದರೆ ಅಷ್ಟು ಹೊತ್ತು ಹೈಬ್ರಿಡ್ ಕಾರು ಮಾಮೂಲಿ ಕಾರಿನ ಹಾಗೇ.

ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಯೂ ನಿಧಾನ. ಹಾಗಾಗಿ ಬ್ರೇಕಿನಿಂದ ಬಂದ ವಿದ್ಯುತ್ತನ್ನು ಬ್ಯಾಟರಿ ಪೂರ್ತಿ ತೆಗೆದುಕೊಳ್ಳದೇ ಇರಬಹುದು. ಬೆಳಗ್ಗೆ ಗಾಜಿಗೆ ಮಂಜು ಕೂತರೆ ಏಸಿ ಹಾಕಬೇಕು, ಅದೂ ಬ್ಯಾಟರಿಯನ್ನೇ ತಿನ್ನುತ್ತದೆ.

ಅಮೆರಿಕದ ಇಂಧನ ಇಲಾಖೆ ಕೊಡುವ ಲೆಕ್ಕ ನೋಡಿ. ಊರೊಳಗಿನ ಓಡಾಟದಲ್ಲಿ 25 ಡಿಗ್ರಿಗೆ ಹೋಲಿಸಿದರೆ ಸೊನ್ನೆಗಿಂತ 7 ಡಿಗ್ರಿ ಕೆಳಗೆ ಇದ್ದಾಗ ಮಾಮೂಲಿ ಪೆಟ್ರೋಲ್ ಕಾರಿನ ಮೈಲೇಜ್ ನೂರಕ್ಕೆ 15 ಪಾಲು ಇಳಿಯುತ್ತದೆ. ಹೈಬ್ರಿಡ್‌ನದು 30ರಿಂದ 34 ಪಾಲು ಇಳಿಯಬಹುದು. ನಮ್ಮ ಶಿವಮೊಗ್ಗ, ಭದ್ರಾವತಿಯಲ್ಲಿ ಅಂಥ ಹಿಮದ ಚಳಿ ಇಲ್ಲ. ಆದ್ದರಿಂದ ಬರೀ ಚಳಿಯಿಂದ ಇಷ್ಟು ಇಳಿಯಲಾರದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾರಣ 3: ಟೈರು ಮತ್ತು ಗಾಳಿ

ತಣ್ಣಗಾದರೆ ಗಾಳಿ ಕುಗ್ಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ 33 ಪೌಂಡ್ ಗಾಳಿ ತುಂಬಿದ ಟೈರಿನಲ್ಲಿ 13 ಡಿಗ್ರಿ ಕಡಿಮೆಯಾದ ಬೆಳಗ್ಗೆ ಸುಮಾರು 31 ಇರುತ್ತದೆ. ಗಾಳಿ ಕಡಿಮೆಯಾದ ಸೈಕಲ್ ತುಳಿದವರಿಗೆ ಅದರ ಕಷ್ಟ ಗೊತ್ತು. ಜೊತೆಗೆ ತಂಪು ಹವೆ ನೂರಕ್ಕೆ ನಾಲ್ಕೈದು ಪಾಲು ದಟ್ಟ, ಅದನ್ನು ಸೀಳಿಕೊಂಡು ಹೋಗಲು ಕಾರಿಗೆ ಹೆಚ್ಚು ಬಲ ಬೇಕು.

ಶಾಖಕ್ಕೂ ಇಂಧನಕ್ಕೂ ಇರುವ ಈ ನಂಟು ಭದ್ರಾವತಿಯವರಿಗೆ ಹಳೆಯದು. ಇಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಅದಕ್ಕಿದೆ. ಕಬ್ಬಿಣ ಕರಗಿಸುವ ಊದುಕುಲುಮೆಗೆ ತಣ್ಣನೆ ಗಾಳಿ ಊದಿದರೆ ಇದ್ದಿಲು ಹೆಚ್ಚು ಖರ್ಚಾಗುತ್ತದೆ, ಗಾಳಿಯನ್ನು ಮೊದಲೇ ಕಾಯಿಸಿ ಊದಿದರೆ ಉಳಿಯುತ್ತದೆ. ಸ್ಕಾಟ್ಲೆಂಡಿನ ನೀಲ್ಸನ್ ಎಂಬುವರು 1828ರಲ್ಲಿ ಈ ಉಪಾಯಕ್ಕೆ ಪೇಟೆಂಟ್ ಪಡೆದರು.

ಪರದೆ ಏನನ್ನು ಅಳೆಯುತ್ತದೆ?

ಇಲ್ಲೇ ಮಾವನ ಪ್ರಶ್ನೆಗೆ ಉತ್ತರ ಇತ್ತು. ಮೇಷ್ಟ್ರು ನನ್ನನ್ನು ಕೇಳಿದರು: "ಪರದೆಗೆ ಪೆಟ್ರೋಲ್ ಲೆಕ್ಕ ಹೇಗೆ ಗೊತ್ತಾಗುತ್ತೆ?" ನಾನು ಟ್ಯಾಂಕ್ ನೋಡಿ ಎಂದೆ. ತಪ್ಪು. ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಕಂಪ್ಯೂಟರ್ ಲೆಕ್ಕ ಮಾಡುತ್ತದೆ. ಅಂದರೆ ಎಂಜಿನ್ ಕುಡಿದ ಪೆಟ್ರೋಲ್ ಮಾತ್ರ ಪರದೆಯ ಲೆಕ್ಕಕ್ಕೆ ಬರುತ್ತದೆ.

ಈಗ ಯೋಚಿಸಿ. ಯಾರಾದರೂ ಟ್ಯಾಂಕಿನಿಂದ ಪೆಟ್ರೋಲ್ ತೆಗೆದರೆ ಅದು ಇಂಜೆಕ್ಟರಿಗೆ ಹೋಗುವುದೇ ಇಲ್ಲ. ಪರದೆಯಲ್ಲಿ 23 ಇದ್ದದ್ದು 23ರಲ್ಲೇ ಇರುತ್ತದೆ! ಬಂಕಿನಲ್ಲಿ ತುಂಬಿಸಿದ ಲೀಟರಿನ ಲೆಕ್ಕ ಮಾತ್ರ ತಪ್ಪುತ್ತದೆ. ಪರದೆಯೇ 17 ಎಂದು ತೋರಿಸಿದರೆ ಆ ಪೆಟ್ರೋಲ್ ಎಂಜಿನ್ನಿನಲ್ಲೇ ಉರಿದಿದೆ ಎಂದರ್ಥ. ಓನರ್ ಯಾವುದನ್ನು ಕಳ್ಳತನದ ಗುರುತು ಎಂದುಕೊಂಡಿದ್ದರೋ ಅದೇ ಮಾವನ ಪರವಾದ ಸಾಕ್ಷಿ.

ಆದರೂ ಅಳೆಯಲೇಬೇಕಿತ್ತು. ಮಾವ ಒಂದೇ ಬಂಕಿನಲ್ಲಿ, ಪೈಪು ತಾನಾಗಿ ಟಕ್ ಎಂದು ನಿಲ್ಲುವವರೆಗೆ ತುಂಬಿಸಿ, ಓಡಿಸಿ, ಮತ್ತೆ ಹಾಗೇ ತುಂಬಿಸಿದರು. ಅಕ್ಟೋಬರಿನ ಬಿಲ್ಲುಗಳ ಹಿಂದೆ ಅವರೇ ಕಿಲೋಮೀಟರ್ ಬರೆದಿಟ್ಟಿದ್ದರು. ನೋಟ್ ಪುಸ್ತಕದ ಲೆಕ್ಕ ಹೀಗಿದೆ:

ಅಕ್ಟೋಬರ್: 414 ಕಿ.ಮೀ., 18 ಲೀಟರ್. ಲೀಟರಿಗೆ 23. ಪರದೆಯಲ್ಲಿ 23.8.
ಜನವರಿ: 306 ಕಿ.ಮೀ., 18 ಲೀಟರ್. ಲೀಟರಿಗೆ 17. ಪರದೆಯಲ್ಲಿ 17.6.

ಎರಡು ಸಲವೂ ಪರದೆ ಸ್ವಲ್ಪ ಹೆಚ್ಚು ತೋರಿಸಿದೆ. ಪರದೆಯ ಪ್ರಕಾರ ಎರಡು ಸಲವೂ ಸುಮಾರು 17.4 ಲೀಟರ್ ಉರಿದಿರಬೇಕು, ತುಂಬಿಸಿದ್ದು 18. ವ್ಯತ್ಯಾಸ ಎರಡೂ ಸಲ ಅಷ್ಟೇ, 0.6 ಲೀಟರ್. ಅದು ಪರದೆಯ ಚಾಳಿ. ಕಳ್ಳತನ ಆಗಿದ್ದರೆ ಜನವರಿಯಲ್ಲಿ ವ್ಯತ್ಯಾಸ ಹೆಚ್ಚಬೇಕಿತ್ತು, ಹೆಚ್ಚಲಿಲ್ಲ.

ಹಾಗಾದರೆ 23 ಏಕೆ 17 ಆಯಿತು?

ನಮ್ಮ ಚಳಿಯೊಂದೇ ಇಷ್ಟು ಇಳಿಸಲಾರದು ಎಂದು ಮೇಲೆ ಹೇಳಿದೆನಲ್ಲ. ಕಾರಿನ ದಿನಚರಿ ಬರೆದು ನೋಡಿದಾಗ ಗೊತ್ತಾಯಿತು. ಅಕ್ಟೋಬರಿನಲ್ಲಿ ಕಾರು ದಿನಾ ಶಿವಮೊಗ್ಗಕ್ಕೆ ಹೋಗಿ ಬರುತ್ತಿತ್ತು. ಡಿಸೆಂಬರಿನಿಂದ ಊರೊಳಗೇ ಓಡಾಟ. ಬೆಳಗ್ಗೆ ಐದೂವರೆಗೆ ವಾಕಿಂಗಿಗೆ, ಆಮೇಲೆ ದೇವಸ್ಥಾನಕ್ಕೆ, ಮಕ್ಕಳ ಟ್ಯೂಷನ್ನಿಗೆ, ಮಾರ್ಕೆಟ್ಟಿಗೆ. ಎರಡೆರಡೇ ಕಿಲೋಮೀಟರ್, ನಡುವೆ ಗಂಟೆಗಟ್ಟಲೆ ನಿಲುಗಡೆ. ಎಂಜಿನ್ ಕಾಯುವ ಹೊತ್ತಿಗೆ ಕಾರು ನಿಂತು ಮತ್ತೆ ಆರಿ ತಣ್ಣಗಾಗುತ್ತಿತ್ತು.

ಒಂದು ಲೆಕ್ಕ ಹಾಕೋಣ. ತಣ್ಣಗಿನ ಕಾರು ಮೊದಲ 2 ಕಿ.ಮೀ.ಗೆ ಲೀಟರಿಗೆ 10, ಕಾದ ಮೇಲೆ 24 ಕೊಡುತ್ತದೆ ಎಂದಿಟ್ಟುಕೊಳ್ಳಿ. 2 ಕಿ.ಮೀ.ಯಂತೆ ಆರು ಸಲ ತಣ್ಣಗೆ ಹೊರಟರೆ 12 ಕಿ.ಮೀ.ಗೆ 1.2 ಲೀಟರ್ ಬೇಕು. ಅದೇ 12 ಕಿ.ಮೀ. ಒಂದೇ ಸಲ ಹೋದರೆ 0.2 ಮತ್ತು 0.42, ಒಟ್ಟು 0.62 ಲೀಟರ್ ಸಾಕು. ಸುಮಾರು ಅರ್ಧ!

ಪರೀಕ್ಷೆಗೆಂದು ಒಂದು ಭಾನುವಾರ, ಅಷ್ಟೇ ಚಳಿಯ ಬೆಳಗ್ಗೆ, ಓನರ್ ಶಿವಮೊಗ್ಗಕ್ಕೆ ಹೊರಟಾಗ ಮಾವ ಪರದೆಯನ್ನು ಸೊನ್ನೆ ಮಾಡಿದರು. ಭದ್ರಾವತಿ ದಾಟುವಾಗ 10ರ ಹತ್ತಿರ ಇತ್ತು. ಮಾಚೇನಹಳ್ಳಿ ಹೊತ್ತಿಗೆ ಏರತೊಡಗಿತು. ನಿದಿಗೆ, ಮಲವಗೊಪ್ಪ ದಾಟಿ ಶಿವಮೊಗ್ಗ ಸೇರಿದಾಗ 20. ಓನರ್ ಪಕ್ಕದಲ್ಲೇ ಕೂತು ಕಣ್ಣಾರೆ ನೋಡಿದರು. ಚಳಿ ಅದೇ, ಕಾರು ಅದೇ, ಡ್ರೈವರ್ ಅದೇ. ಬದಲಾದದ್ದು ಓಟದ ಉದ್ದ ಮಾತ್ರ. ಆದ್ದರಿಂದ ಚಳಿ ಮತ್ತು ಸಣ್ಣ ಓಡಾಟ ಎರಡೂ ಸೇರಿದಾಗಲೇ ದೊಡ್ಡ ಪೆಟ್ಟು ಎಂದು ತಿಳಿಯಿತು.

ವಾಪಸ್ ಬಂದ ಮೇಲೆ ಮಾವ ನನ್ನ ನೋಟ್ ಪುಸ್ತಕವನ್ನು ಅವರ ಕೈಗೆ ಕೊಟ್ಟರು. ಅವರು ಎರಡು ಸಲ ಓದಿದರಂತೆ. ತಪ್ಪಾಯಿತು ಅಂತೇನೂ ಹೇಳಲಿಲ್ಲ. "ನಾಳೆಯಿಂದ ವಾಕಿಂಗು, ದೇವಸ್ಥಾನ ಎರಡೂ ಒಂದೇ ಸುತ್ತಿಗೆ ಮುಗಿಸಿಬಿಡೋಣ" ಎಂದರಂತೆ. ಮಾವ ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಎರಡು ಸಲ ಸಾರು ಹಾಕಿಸಿಕೊಂಡರು.

ನೆನಪಿಡಬೇಕಾದ್ದು

1. ಕಂಪನಿ ಹೇಳುವ ಮೈಲೇಜ್ ಪ್ರಯೋಗಶಾಲೆಯದು. ನಮ್ಮ ದೇಶದಲ್ಲಿ ಆ ಪರೀಕ್ಷೆ 20ರಿಂದ 30 ಡಿಗ್ರಿ ಹವೆಯಲ್ಲಿ ನಡೆಯುತ್ತದೆ. 2022ರಲ್ಲಿ ಬಂದ ಹೈರೈಡರ್ ಹೈಬ್ರಿಡ್‌ಗೆ ಲೀಟರಿಗೆ 27.97 ಕಿ.ಮೀ. ಎಂದು ಹೇಳಿದ್ದು ಅಂಥ ಅಂಕಿ. ಚಳಿಯ ಬೆಳಗ್ಗೆ ಊರೊಳಗೆ ಅಷ್ಟೇ ಬರಬೇಕು ಎಂದುಕೊಳ್ಳಬಾರದು.
2. ಸಣ್ಣ ಸಣ್ಣ ಕೆಲಸಗಳನ್ನು ಸೇರಿಸಿ ಒಂದೇ ಸುತ್ತಿನಲ್ಲಿ ಮುಗಿಸಬೇಕು.
3. ಟೈರಿನ ಗಾಳಿಯನ್ನು ಬೆಳಗ್ಗೆ, ಕಾರು ಓಡುವ ಮೊದಲು ನೋಡಬೇಕು.
4. ನಿಂತಲ್ಲೇ ಎಂಜಿನ್ ಕಾಯಿಸುವುದು ದಂಡ. ನಿಧಾನವಾಗಿ ಓಡಿಸುತ್ತಾ ಕಾಯಿಸುವುದೇ ಸರಿ.

ಮಾಡಿ ನೋಡಿ

ಒಂದು ಕಾರು 18 ಕಿ.ಮೀ. ಹೋಗುವಾಗ ಲೀಟರಿಗೆ 12, ಅಷ್ಟೇ ದೂರ ಬರುವಾಗ 24 ಕೊಟ್ಟಿತು. ಸರಾಸರಿ ಎಷ್ಟು? 18 ಎಂದವರು ಮತ್ತೊಮ್ಮೆ ಯೋಚಿಸಿ. ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಬೇಕು. 36ನ್ನು 2.25ರಿಂದ ಭಾಗಿಸಿದರೆ 16.

ನಿಮ್ಮ ಮನೆಯಲ್ಲಿ ಬೈಕ್ ಇದ್ದರೆ ಈ ತಿಂಗಳು ಒಂದು ಸಲ, ಬೇಸಿಗೆಯಲ್ಲಿ ಒಂದು ಸಲ ಟ್ಯಾಂಕ್ ತುಂಬಿಸಿ ಅಳೆಯಿರಿ. ನನ್ನ ಲೆಕ್ಕದಲ್ಲಿ ತಪ್ಪು ಕಂಡರೆ ಈ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಬರೆಯಿರಿ, ತಿದ್ದಿಕೊಳ್ಳುತ್ತೇನೆ.

– 9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ