ಬರ್ತೀನಿ ಅಂದವರ ದಾರಿ ಕಾಯುತ್ತ

ಪ್ರಶ್ನೆ: ನನಗೆ 52 ವರ್ಷ. ಎಂಟು ಎಕರೆ ಎರೆ ಹೊಲ ಇದೆ. ಪ್ರತಿ ವರ್ಷ ಹೆಸರು ರಾಶಿಗೆ ಬಂದಾಗಲೇ ನನ್ನ ಆರೋಗ್ಯ ಕೆಡುತ್ತದೆ. ರಾಶಿ ಮಷಿನ್‌ನವರು ‘ನಾಳೆ ಬರ್ತೀನ್ರಿ’ ಅನ್ನುತ್ತಾರೆ, ಬರುವುದಿಲ್ಲ. ಆಮೇಲೆ ಫೋನ್ ಎತ್ತುವುದಿಲ್ಲ. ಮೋಡ ಕಂಡರೆ ಎದೆ ಹಿಡಿದಂತಾಗುತ್ತದೆ. ರಾತ್ರಿ ಮೂರಕ್ಕೆ ಎಚ್ಚರಾದರೆ ಮತ್ತೆ ನಿದ್ದೆ ಇಲ್ಲ. ಮನೆಯವರ ಮೇಲೆ ಸುಮ್ಮಸುಮ್ಮನೆ ಹರಿಹಾಯುತ್ತೇನೆ. ಒಂದು ವರ್ಷ ಹೆಸರು ಪೂರ್ತಿ ಮಳೆಗೆ ಹೋಯಿತು, ಆಗಲೂ ಇಷ್ಟು ಸಂಕಟ ಆಗಿರಲಿಲ್ಲ. ಇದೇನು ಕಾಯಿಲೆ ಡಾಕ್ಟ್ರೇ?
– ರೈತ, ಮುಂಡರಗಿ ತಾಲೂಕು

ಉತ್ತರ: ಮೊದಲು ಎದೆಯ ಮಾತು. ನಿಮ್ಮ ವಯಸ್ಸಿನಲ್ಲಿ ಎದೆ ಹಿಡಿದರೆ ಅದು ಟೆನ್ಷನ್ ಎಂದು ನೀವೇ ತೀರ್ಮಾನ ಮಾಡಬೇಡಿ. ಪತ್ರ ಓದಿ ನಾನೂ ಹಾಗೆ ಹೇಳಲಾರೆ. ಈ ವಾರವೇ ತಾಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ, ಬಿಪಿ, ಸಕ್ಕರೆ ನೋಡಿಸಿಕೊಳ್ಳಿ. ನಡೆದಾಗ ಹಿಡಿದು ನಿಂತಾಗ ಬಿಡುತ್ತಿದ್ದರೆ ಅದೇ ದಿನ ತೋರಿಸಬೇಕು. ನೋವು ಎಡಗೈಗೋ ದವಡೆಗೋ ಹರಿದು ತಣ್ಣನೆಯ ಬೆವರು ಬಂದರೆ ಮಷಿನ್ ಹೊಲದಲ್ಲೇ ನಿಂತಿರಲಿ, ನೀವು 108ಕ್ಕೆ ಫೋನ್ ಮಾಡಿ.

ಎದೆ ಸರಿಯಿದೆ ಎಂದು ಗೊತ್ತಾದ ಮೇಲೆ ಮಿಕ್ಕ ಮಾತು. ಬೆಳೆ ಹೋದ ವರ್ಷವೂ ಇಷ್ಟು ಸಂಕಟ ಇರಲಿಲ್ಲ ಎಂದು ಬರೆದಿದ್ದೀರಿ. ನಾನು ಎರಡು ಸಲ ಓದಿದ ಸಾಲು ಅದು. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 45 ಜನರನ್ನು ಒಂದು ಕಂಪ್ಯೂಟರ್ ಆಟಕ್ಕೆ ಕೂರಿಸಿದರು. ಪರದೆಯ ಮೇಲೆ ಕಲ್ಲುಗಳು. ಕಲ್ಲಿನಡಿ ಹಾವು ಇದೆಯೋ ಇಲ್ಲವೋ ಊಹಿಸಬೇಕು. ಹಾವು ಇದ್ದರೆ ಕೈಗೆ ಕರೆಂಟಿನ ಹೊಡೆತ. ಹೊಡೆತ ಬಿದ್ದೇ ಬೀಳುತ್ತದೆ ಎಂದು ಗೊತ್ತಿದ್ದಾಗ ಜನ ಅಷ್ಟು ಬೆವರಲಿಲ್ಲ. ಬಿದ್ದರೂ ಬಿತ್ತು, ಇಲ್ಲದಿದ್ದರೆ ಇಲ್ಲ ಎನ್ನುವ ಅರ್ಧಂಬರ್ಧ ಸ್ಥಿತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆವರಿದರು, ಕಣ್ಣಿನ ಪಾಪೆ ಹಿಗ್ಗಿತು. ಹೊಲದಲ್ಲಿ ಕಲ್ಲು ಎತ್ತಿ ರೂಢಿ ಇರುವ ನಿಮಗೆ ಇದನ್ನು ಲಂಡನ್ನಿನವರು ಹೇಳಬೇಕಿರಲಿಲ್ಲ ಬಿಡಿ.

ಬೆಳೆ ಹೋದ ವರ್ಷ ಮನಸ್ಸು ಅತ್ತು ಮುಗಿಸಿ ಹಿಂಗಾರಿ ಕಡಲೆಯ ಕಡೆ ತಿರುಗಿತ್ತು. ‘ನಾಳೆ ಬರ್ತೀನಿ’ ಅನ್ನುವ ಮಾತು ಹಾಗೆ ತಿರುಗಲು ಬಿಡುವುದಿಲ್ಲ. ಎತ್ತಿನ ಕೊರಳಿಗೆ ನೊಗ ಕಟ್ಟಿ ದಿನವಿಡೀ ನಿಲ್ಲಿಸಿದ ಹಾಗೆ. ಓಡಲು ಬೇಕಾದ ಅಡ್ರಿನಲಿನ್, ಕಾರ್ಟಿಸಾಲ್ ಮೈಯಲ್ಲಿ ಹರಿಯುತ್ತವೆ, ಓಟ ಮಾತ್ರ ಇಲ್ಲ. ಎದೆಬಡಿತ, ಸಿಟ್ಟು, ಮೂರು ಗಂಟೆಯ ಎಚ್ಚರ, ಎಲ್ಲ ಅದರದೇ ಮಕ್ಕಳು.

ಮಷಿನ್ ತರಿಸುವುದು ನನ್ನ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲೂ ಇಲ್ಲ. ಗೊತ್ತಿಲ್ಲದ್ದನ್ನು ಕಡಿಮೆ ಮಾಡುವುದು ಮಾತ್ರ ಕೈಯಲ್ಲಿದೆ. ‘ಯಾವಾಗ ಬರ್ತೀರಿ’ ಎಂದು ಕೇಳಬೇಡಿ, ಅದಕ್ಕೆ ‘ನಾಳೆ’ ಎಂಬ ಉತ್ತರ ಸದಾ ಸಿದ್ಧ ಇರುತ್ತದೆ. ‘ನನ್ನ ಮುಂದೆ ಯಾರ್‍ಯಾರ ಹೊಲ ಅದಾವು, ಎಷ್ಟು ಎಕರೆ’ ಎಂದು ಕೇಳಿ. ಆಗ ಲೆಕ್ಕ ನಿಮಗೂ ಸಿಗುತ್ತದೆ. ಎರಡನೆಯದು, ಬುಧವಾರ ಸಂಜೆಯೊಳಗೆ ಮಷಿನ್ ಬರದಿದ್ದರೆ ಆಳು ಹಚ್ಚಿ ಬಿಡಿಸುವುದು ಎಂದು ಇವತ್ತೇ ನಿರ್ಧರಿಸಿ. ರೊಕ್ಕ ಹೆಚ್ಚು ಹೋಗುತ್ತದೆ, ನಿಜ. ಆದರೆ ನಿರ್ಧಾರ ಆದ ರಾತ್ರಿಯ ನಿದ್ದೆ ಬೇರೆ. ಮೂರನೆಯದು, ಬದುವಿನ ಆಚೀಚೆಯವರು ನಾಲ್ಕು ಜನ ಸೇರಿ ಒಟ್ಟಿಗೆ ಕರೆಯಿರಿ. ಮೂವತ್ತು ಎಕರೆ ಒಂದೇ ಕಡೆ ಸಿಕ್ಕರೆ ಮಷಿನ್‌ನವನಿಗೂ ಡೀಸೆಲ್ ಉಳಿಯುತ್ತದೆ. ವೈದ್ಯನಿಗೇಕೆ ಒಕ್ಕಲುತನದ ಮಾತು ಅನ್ನಬಹುದು. ಆದರೆ ಕೂಡಿ ಕೆಲಸ ಮಾಡುವುದು ಇಲ್ಲಿ ಹೊಸದಲ್ಲ: ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಒಬ್ಬರನ್ನೊಬ್ಬರು ನೆಚ್ಚುವುದನ್ನು ಈ ಸೀಮೆಯವರು ವಹಿಗೆ ಏರಿಸಿ ನೂರಿಪ್ಪತ್ತು ವರ್ಷ ಆಯಿತು. ಬಾಯಿಮಾತಿನ ‘ನಾಳೆ’ಗಿಂತ ವಹಿಯ ತಾರೀಖು ಬಿಪಿಗೂ ಒಳ್ಳೆಯದು.

ಸಂಜೆ ನಾಲ್ಕರ ನಂತರ ಚಹಾ ಬೇಡ. ತಂಬಾಕು ಇದ್ದರೆ ಅದೂ ನಿದ್ದೆಗೆ ಶತ್ರು. ಬೇಸರ ಎರಡು ವಾರ ದಾಟಿದರೆ, ಅಥವಾ ‘ಇದ್ದು ಏನು ಮಾಡೂದು’ ಎಂಬ ವಿಚಾರ ಒಂದೇ ಒಂದು ಸಲ ಬಂದರೂ, 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ರೊಕ್ಕ ಇಲ್ಲ.

ಪ್ರಶ್ನೆ: ನಾನು 71 ವರ್ಷದ ನಿವೃತ್ತ ಶಿಕ್ಷಕ. ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ. ಕಣ್ಣು ಮಂಜಾಗಿರುವುದರಿಂದ ಇನ್ಸುಲಿನ್ ಸೊಸೆಯೇ ಚುಚ್ಚುತ್ತಾಳೆ. ಮುಂಜಾನೆ ಏಳಕ್ಕೆ ಚುಚ್ಚಿ, ಮಕ್ಕಳನ್ನು ಸಾಲಿಗೆ ಕಳಿಸಿ, ನೀರು ತುಂಬಿ, ಆಮೇಲೆ ರೊಟ್ಟಿ ಬಡಿಯಲು ಕೂರುತ್ತಾಳೆ. ಒಂಬತ್ತರ ಹೊತ್ತಿಗೆ ನನಗೆ ಕೈ ನಡುಗಿ, ಬೆವತು, ಎದೆ ಹೊಡೆದುಕೊಂಡು ಅಳು ಬಂದಂತಾಗುತ್ತದೆ. ಬೇಗ ಕೊಡು ಎನ್ನಲು ಸಂಕೋಚ. ಇನ್ನೊಬ್ಬರ ಕೈ ನೋಡುವ ಬಾಳಿನ ದುಃಖ ಮೈಗೆ ಇಳಿದಿದೆ ಅನಿಸುತ್ತದೆ.
– ಲಕ್ಷ್ಮೇಶ್ವರ

ಉತ್ತರ: ಗುರುಗಳೇ, ದುಃಖ ಇರಬಹುದು. ಆದರೆ ಒಂಬತ್ತರ ನಡುಕ ಬಹುತೇಕ ಸಕ್ಕರೆ ಇಳಿದದ್ದರ ನಡುಕ. ಇನ್ಸುಲಿನ್ ಏಳಕ್ಕೆ, ರೊಟ್ಟಿ ಒಂಬತ್ತಾದ ಮೇಲೆ ಎಂದರೆ ಮದ್ದು ಕೆಲಸ ಶುರು ಮಾಡಿದೆ, ಹೊಟ್ಟೆಯಲ್ಲಿ ಏನೂ ಇಲ್ಲ. ಬೆವರು, ಎದೆಬಡಿತ, ಕಾರಣವಿಲ್ಲದ ಅಳು, ಇವು ಗಾಬರಿಯಲ್ಲೂ ಬರುತ್ತವೆ, ಸಕ್ಕರೆ ಇಳಿದಾಗಲೂ ಬರುತ್ತವೆ. ಎಷ್ಟೋ ಮನೆಗಳಲ್ಲಿ ಒಂದನ್ನು ಇನ್ನೊಂದೆಂದು ತಿಳಿದು ಸುಮ್ಮನಿರುತ್ತಾರೆ.

ಮುಂದಿನ ಸಲ ನಡುಕ ಬಂದಾಗ ಬೆರಳು ಚುಚ್ಚಿ ನೋಡಿಸಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಹಾ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಆಮೇಲೆ ಊಟ ಮಾಡಿ. ಸಕ್ಕರೆ ನೋಡುವ ಮಷಿನ್ ಇಲ್ಲದಿದ್ದರೆ ಕಾಯಬೇಡಿ, ಸಕ್ಕರೆ ತಿಂದುಬಿಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು. ಇದನ್ನು ಸೊಸೆಗೆ ಓದಿ ಹೇಳಿ. ಇನ್ಸುಲಿನ್ ನೀವಾಗಿ ಬಿಡಬೇಡಿ. ಯಾವ ಇನ್ಸುಲಿನ್, ಊಟಕ್ಕೆ ಎಷ್ಟು ಮುಂಚೆ ಎಂದು ನಿಮ್ಮ ವೈದ್ಯರನ್ನು ಈ ವಾರವೇ ಕೇಳಿ. ಮಿಶ್ರ ಇನ್ಸುಲಿನ್ ಆದರೆ ಸಾಮಾನ್ಯವಾಗಿ ಅರ್ಧ ಗಂಟೆ. ಹಾಗಿದ್ದರೆ ‘ಹಂಚು ಒಲಿಗೆ ಇಟ್ಟ ಮ್ಯಾಲೆ ಚುಚ್ಚವಾ’ ಎಂದರೆ ಮುಗಿಯಿತು. ಬೇಗ ರೊಟ್ಟಿ ಕೊಡು ಎಂದು ಕೇಳುವ ಸಂಕೋಚವೇ ಉಳಿಯುವುದಿಲ್ಲ.

ಕಣ್ಣು ಕಾಣದವರಿಗೆ ಆಸರೆಯಾದ ಪುಟ್ಟರಾಜ ಗವಾಯಿಗಳ ಪುಣ್ಯಾಶ್ರಮದ ಸೀಮೆಯವರು ನಾವು. ಆದರೂ ಕಣ್ಣು ಕಾಣದವರನ್ನು ರಸ್ತೆ ದಾಟಿಸುವಾಗ ನಾವೇ ಅವರ ಕೈ ಹಿಡಿದು ಎಳೆಯುತ್ತೇವೆ. ಸರಿಯಾದ ಕ್ರಮ ಬೇರೆ: ಅವರು ನಮ್ಮ ಮೊಣಕೈ ಹಿಡಿಯಬೇಕು, ನಾವು ಅರ್ಧ ಹೆಜ್ಜೆ ಮುಂದೆ ನಡೆಯಬೇಕು. ಆಸರೆ ಅದೇ, ಆದರೆ ಬಿಡುವುದೂ ಹಿಡಿಯುವುದೂ ಅವರ ಕೈಯಲ್ಲಿರುತ್ತದೆ. ನಿಮ್ಮ ಮನೆಯಲ್ಲೂ ಹಾಗೇ ಮಾಡಿ. ಇನ್ಸುಲಿನ್ ಪೆನ್ ತರಿಸಿ. ಎಷ್ಟು ಯೂನಿಟ್ ಎಂದು ಸೊಸೆ ನೋಡಿ ಹೇಳಲಿ, ಚುಚ್ಚುವ ಕೈ ನಿಮ್ಮದಾಗಲಿ. ಕಣ್ಣಿನ ಮಂಜನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ. ಪೊರೆ ಇದ್ದರೆ ತೆಗೆಯಬಹುದು. ಹದಿನೆಂಟು ವರ್ಷದ ಸಕ್ಕರೆಯಲ್ಲಿ ಅಕ್ಷಿಪಟ ವರ್ಷಕ್ಕೊಮ್ಮೆ ತೋರಿಸಲೇಬೇಕು.

ಪ್ರಶ್ನೆ: ಸಾವುಕಾರರಿಂದ ನೂಲು ಬರುವತನಕ ಮಗ್ಗ ಖಾಲಿ. ಆ ಚಿಂತೆಗೆ ನಿದ್ದೆ ಹೋಗಿ, ಗೆಳೆಯ ಕೊಟ್ಟ ನಿದ್ದೆ ಗುಳಿಗೆ ಎರಡು ತಿಂಗಳಿಂದ ತಗೊಳ್ಳುತ್ತಿದ್ದೇನೆ. ಈಗ ಒಂದು ಸಾಲುವುದಿಲ್ಲ.
– ನೇಕಾರ, ಬೆಟಗೇರಿ

ಉತ್ತರ: ಹೆಚ್ಚಿಸಬೇಡಿ, ಒಮ್ಮೆಲೇ ನಿಲ್ಲಿಸಲೂ ಬೇಡಿ. ಆಲ್ಪ್ರಜೋಲಾಂ ಜಾತಿಯ ಗುಳಿಗೆ ಆಗಿದ್ದರೆ ಥಟ್ಟನೆ ಬಿಟ್ಟಾಗ ಫಿಟ್ಸ್ ಬರಬಹುದು. ಗುಳಿಗೆಯ ಚೀಟಿ ಹಿಡಿದುಕೊಂಡು ಗದಗಿನ ಜಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಅಲ್ಲಿ ಮೆಲ್ಲಗೆ ಇಳಿಸುತ್ತಾರೆ. ಗೆಳೆಯನನ್ನೂ ಕರೆದುಕೊಂಡು ಹೋಗಿ, ಅವನಿಗೂ ಬೇಕಾದೀತು.

ಪ್ರಶ್ನೆ: ಬ್ಲೌಸ್ ಹೊಲಿಯುತ್ತೇನೆ. ಮದುವೆ ದಿನಗಳಲ್ಲಿ ಹುಕ್ಕು, ಫಾಲ್ ಕೆಲಸ ಓಣಿಯ ಇಬ್ಬರು ಹೆಣ್ಣುಮಕ್ಕಳಿಗೆ ಕೊಡುತ್ತೇನೆ. ಅವರು ಹಾಕಿದ್ದನ್ನು ರಾತ್ರಿ ಬಿಚ್ಚಿ ನಾನೇ ಮತ್ತೆ ಹಾಕುತ್ತೇನೆ. ಬಲಗೈ ಹೆಬ್ಬೆರಳು, ಪಕ್ಕದ ಎರಡು ಬೆರಳು ರಾತ್ರಿ ಜೋಮು ಹಿಡಿಯುತ್ತವೆ. ಯಾರನ್ನೂ ನಂಬದ ಸ್ವಭಾವಕ್ಕೆ ಔಷಧಿ ಇದೆಯೇ?
– ಶಿರಹಟ್ಟಿ

ಉತ್ತರ: ಬೆರಳಿಗಂತೂ ಇದೆ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡ ಲಕ್ಷಣ ಇದು. ಮಲಗುವಾಗ ಮಣಿಕಟ್ಟು ನೆಟ್ಟಗಿರುವಂತೆ ಪಟ್ಟಿ ಕಟ್ಟಿ, ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ. ಕತ್ತರಿ ಕೈ ಜಾರತೊಡಗಿದರೆ ತಡಮಾಡದೆ ತೋರಿಸಿ.

ಸ್ವಭಾವಕ್ಕೆ ಒಂದು ಪರೀಕ್ಷೆ ಹೇಳುತ್ತೇನೆ. ವಾರಕ್ಕೆ ಎರಡು ಬ್ಲೌಸ್ ಬಿಚ್ಚದೆ ಹಾಗೇ ಕೊಟ್ಟುಬಿಡಿ. ಯಾವುವು ಎಂದು ಅಳತೆ ಪುಸ್ತಕದಲ್ಲಿ ಗುರುತು ಮಾಡಿ, ಎಷ್ಟು ವಾಪಸ್ ಬಂದವು ಎಂದು ತಿಂಗಳ ಕೊನೆಗೆ ನನಗೆ ಬರೆಯಿರಿ. ಮೊದಲನೆಯದು ನಿಮ್ಮ ನಾದಿನಿಯ ಬ್ಲೌಸ್ ಆಗಲಿ. ಹುಕ್ಕು ಕಿತ್ತರೂ ಗಿರಾಕಿ ಎಲ್ಲಿಗೂ ಹೋಗುವುದಿಲ್ಲ.